ಜೋಡಭಾವಿ ಪೇಟೆಯಲ್ಲಿ ತೊಂಬತ್ತೇಳು

ಹೊಸ ಮಷೀನಿಗೆ ಎಂಬತ್ತು ಸಾವಿರ.
ಹಳೆಯದರ ಓಟ ಹೆಚ್ಚಿಸುವುದಕ್ಕೆ ಕಾಸಿಲ್ಲ.
ಹಾಗಾಗಿ ಹೆಚ್ಚಿಸಿದೆ,
ಮೂರೂವರೆಯಿಂದ ನಾಲ್ಕೂವರೆ ಗಿಗಾಹರ್ಟ್ಸ್,
ಒಂದೊಂದೇ ಗುಂಜಿ, ಚಿನ್ನ ತೂಗಿದ ಹಾಗೆ.

ಚಾದರಿನ ಮೇಲೆ ನವಿಲು ಬೇಕು ಅಂದಿದ್ದ
ಇಚಲಕರಂಜಿಯ ವ್ಯಾಪಾರಿ.
ಮಂಚಕ್ಕೆ ಹಾಸಿದರೆ ಹೇಗೆ ಕಂಡೀತು,
ನೇಯುವ ಮೊದಲೇ ನೋಡಬೇಕು ಅವನಿಗೆ,
ನೆರಳು ಸಹಿತ, ಮಡಿಕೆ ಸಹಿತ.
ಅಪ್ಪನ ಕಾಲಕ್ಕೆ ರಟ್ಟಿನ ಕಾರ್ಡಿಗೆ ತೂತು ಹೊಡೆದು
ನವಿಲು ಮಾಡುತ್ತಿದ್ದರು. ಒಂದು ತೂತು ತಪ್ಪಿದರೆ
ನವಿಲಿಗೆ ಮೂರು ಕಾಲು.
ಆದರೆ ಆ ರಟ್ಟು ಯಾವತ್ತೂ ಕಾಯಲಿಲ್ಲ.

ಪರದೆಯಲ್ಲಿ ಚೌಕ ಚೌಕವಾಗಿ ಮೂಡುತ್ತಿತ್ತು,
ಕೊರಳು ಬಂತು, ರೆಕ್ಕೆ ಬಂತು,
ಬಾಲದ ನಾಲ್ಕನೆಯ ಕಣ್ಣಿಗೆ
ಕತ್ತಲೆ.

ಮತ್ತೆ ಒತ್ತಿದೆ. ಮತ್ತೆ ಅದೇ ಕಣ್ಣು.
ಮೂಲೆಯಲ್ಲಿ ಕೆಂಪಂಕಿ: ತೊಂಬತ್ತೇಳು.
ಹೊರಗೆ ಸೊಲ್ಲಾಪುರದ ಮೇ, ನಲವತ್ಮೂರು.
ಮೊದಲು ಊರಿನ ತಲೆಗೇ ಕಟ್ಟಿದೆ.

ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನು ಹಚ್ಚಿದೆ.
ರೆಕ್ಕೆಯ ಸಂದಿಯಿಂದ ಅರ್ಧ ಹಿಡಿ ಹತ್ತಿಧೂಳು
ಹಲ್ಲುಜ್ಜುವ ಬ್ರಶ್ಶಿನಿಂದ ಹಿಕ್ಕಿ ತೆಗೆದೆ.
ತೊಂಬತ್ತೇಳು.
ಊದಿನಕಡ್ಡಿ ಹಚ್ಚಿ ಹೊಗೆ ಎತ್ತ ಹೋಗುತ್ತದೆ ನೋಡಿದೆ,
ಮುಂದಿನಿಂದ ಒಳಗೆ, ಹಿಂದಿನಿಂದ ಹೊರಗೆ, ಸರಿಯಾಗೇ ಇತ್ತು;
ಡಬ್ಬಿಗೂ ಪೂಜೆಯೇನ ಎಂದು ಎದುರುಮನೆ ನೀಲವ್ವ ನಕ್ಕದ್ದೇ ಬಂತು.
ಪೇಸ್ಟಿನ ಟ್ಯೂಬು ತರಿಸಿದೆ.
ಅಕ್ಕಿಕಾಳಿನಷ್ಟೋ ಕಡಲೆಯಷ್ಟೋ, ಅಂಗಡಿಯ ಹುಡುಗರಲ್ಲೇ ಎರಡು ಪಂಗಡ.
ಬಿಚ್ಚಲು ಧೈರ್ಯ ಸಾಲದೆ ಟ್ಯೂಬು ಹಾಗೇ ಇಟ್ಟೆ.
ವೋಲ್ಟೇಜು ಕೂದಲೆಳೆಯಷ್ಟು ಇಳಿಸಿದೆ. ತೊಂಬತ್ತಾರು!
ಆ ಒಂದು ಡಿಗ್ರಿಯ ಖುಷಿಗೆ ಚಹಾ ಕುಡಿದು
ಇನ್ನೊಂದೆಳೆ ಇಳಿಸಿದರೆ
ಮಷೀನು ಏಳಲೇ ಇಲ್ಲ.

ಲೈಟ್ ಬಿಲ್ಲು ತುಂಬಿಸಲು ಬಂದ ಧೂಳಪ್ಪ ಮಾಮಾ,
ಮೂವತ್ತು ವರ್ಷ ಮಗ್ಗದ ಜಾಬರ್,
ಮಾತು ಒಂದೇ ಕಿವಿಗೆ ತಲುಪುವವ.
‘ಏನ ಸುಡತೈತಿ ಮಾನಂದಾ?’
‘ಒಳಗಿನ ಚಿಪ್ಪು ಮಾಮಾ.’
ಕನ್ನಡಕ ಹಣೆಗೇರಿಸಿ, ಅಂಗೈಯಲ್ಲ, ಹಿಂಗೈ
ಅಲ್ಯುಮಿನಿಯಂ ಎಸಳುಗಳ ಮೇಲಿಟ್ಟ,
ಕೂಸಿನ ಜ್ವರ ನೋಡುವ ಹಾಗೆ
ಎನ್ನಲಾರೆ; ಅವನು ಬೇರಿಂಗು ನೋಡುವುದೇ ಹಾಗೆ.

‘ಇದು ತಂಪೈತಲ್ಲ?’
‘ಫ್ಯಾನ್ ತಿರಗತೈತಿ ಮಾಮಾ.’
‘ಫ್ಯಾನ್ ಬಿಡ. ಕೆಳಗ ಉರಿ ಅಂತಿ, ಮ್ಯಾಲ ತಂಪು.
ಅಂದ್ರ ಉರಿ ಮ್ಯಾಲ ಬರವಲ್ದು.
ನಡುವ ಯಾರೋ ಕುಂತಾರ.’

ಆರಿಸಿದೆ. ನಾಲ್ಕು ಮೊಳೆ ತಿರುಗಿಸುವಾಗ
ಒಂದು ಟಕ್ ಎಂದಿತು, ಜೀವ ಬಾಯಿಗೆ.
ಎತ್ತಿ ಮಗುಚಿದೆ.
ಬೂದುಬಣ್ಣದ ಪೇಸ್ಟು ಒರೆಸಿದರೆ
ತಾಮ್ರದ ಅಡಿಗೆ ಅಂಟಿಕೊಂಡೇ ಇದೆ
ಉಳ್ಳಾಗಡ್ಡಿ ಪೊರೆಯಂಥ ಹಾಳೆ,
ಮೇಲೆ ಕೆಂಪಕ್ಷರ, ಇಂಗ್ಲಿಷಿನಲ್ಲೊಮ್ಮೆ, ಚೀನೀಯಲ್ಲೊಮ್ಮೆ:
ಜೋಡಿಸುವ ಮೊದಲು ಇದನ್ನು ಕೀಳಿ.

ಹನ್ನೊಂದು ತಿಂಗಳು.
ಜೋಡಿಸಿದ ದಿನ ನೆನಪಾಯಿತು.
ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿ
ಅಣ್ಣ ಚನ್ಮಲ್ಲನ ಜೊತೆ
ಅವ್ವನ ಬಂಗಾರದ ಮಾತಾಡುತ್ತಿದ್ದೆ.
ಯಾವ ಕೈ ಏನು ಮಾಡಿತೋ.

ಕಿತ್ತೆ. ಚರ್ರೆಂದು ಬಂತು.
ಅಕ್ಕಿಯೂ ಅಲ್ಲ ಕಡಲೆಯೂ ಅಲ್ಲ, ಕೈಗೆ ಬಂದಷ್ಟು ಪೇಸ್ಟು.
ಒತ್ತಿದೆ. ಅರವತ್ತೆಂಟು. ಎಪ್ಪತ್ತು. ಎಪ್ಪತ್ತೊಂದು.
ಅಲ್ಲೇ ನಿಂತಿತು.
ನಾಲ್ಕನೆಯ ಕಣ್ಣು, ಐದನೆಯದು, ಹನ್ನೆರಡನೆಯದು,
ಕಡೆಯ ಗರಿಯ ಎಳೆಯೂ ಬಂತು, ಮಡಿಕೆಯ ನೆರಳೊಳಗೆ.

ವ್ಯಾಪಾರಿ ನೋಡಿ
ನವಿಲು ಬ್ಯಾಡ, ಕಮಲ ಹಾಕ್ರಿ ಎಂದ.

ಧೂಳಪ್ಪ ಮಾಮಾ ಆ ಹಾಳೆ ಕೇಳಿ ಪಡೆದ,
ಗೀರು ಬಿದ್ದ ಕೈಗಡಿಯಾರದ ಗಾಜಿಗೆ ಹಚ್ಚಲು.
ಗದ್ದಲದಲ್ಲಿ ಬಿಲ್ಲು ತುಂಬಿದ್ದು ಮರುದಿನ.
ಹನ್ನೆರಡು ರೂಪಾಯಿ ದಂಡ. ನಾನೇ ಕೊಟ್ಟೆ.