ಹನ್ನೊಂದನೆಯ ಪ್ರಶ್ನೆ

"ತರಬೇತಿಯಿಂದ ನಿಮ್ಮ ವ್ಯಾಪಾರಕ್ಕೆ
ಎಷ್ಟರಮಟ್ಟಿಗೆ ಅನುಕೂಲವಾಯಿತು?
ಒಂದು ಅಂದರೆ ಏನೂ ಇಲ್ಲ, ಐದು ಅಂದರೆ ಬಹಳ."
ಅಬೆಯೊಕುಟಾದ ಇತೊಕು ಮಾರುಕಟ್ಟೆಯ ಹಿಂದೆ
ತಗಡಿನ ಮಾಡಿನ ಕೆಳಗೆ ನಿಂತು ಕೇಳಿದೆ.
ನನಗಿನ್ನೂ ನಲವತ್ತು ಜನ ಬೇಕಿತ್ತು.
ಶುಕ್ರವಾರ ಪ್ರೊಫೆಸರರ ಗಡುವು.

ಸಿದಿಕತ್ ತಲೆ ಎತ್ತಲಿಲ್ಲ.
ಮೊಣಕೈವರೆಗೆ ಬಣ್ಣದ ಗುಡಾಣದೊಳಗಿದ್ದಳು.
"ಆ ಬಕೆಟ್ಟು ಬೋರಲು ಹಾಕಿ ಕೂತ್ಕೋ."

ಬ್ಯಾಂಕಿನ ಮಹಡಿ ಮೇಲೆ ಆರು ಶನಿವಾರ, ಅಂದಳು.
ಬಿಳಿ ಹಲಗೆ, ತಟ್ಟೆ ತುಂಬ ಬಿಸ್ಕತ್ತು,
ಟೈ ಕಟ್ಟಿದ ಹುಡುಗ, ನನ್ನ ಕೊನೆಯವನ ವಯಸ್ಸು.
ಮೂವತ್ತೊಂದು ವರ್ಷ ಬಟ್ಟೆ ಅದ್ದಿದವಳಿಗೆ
ಇವನೇನು ಕಲಿಸಿಯಾನು ಅಂತ
ಮೊದಲ ವಾರ ತೂಕಡಿಸಿದೆ.
ಬಿಸ್ಕತ್ತು ಮೊಮ್ಮಗಳಿಗೆ ಕಟ್ಟಿಕೊಂಡೆ.

ಎರಡನೆಯ ವಾರ ಕೇಳಿದ:
ಒಂದು ಬಟ್ಟೆಗೆ ಏನೇನು ಬೀಳುತ್ತೆ?
ಹೇಳಿದೆ. ಐದು ಗಜ ಬಿಳಿ ಮಲ್ಲು. ನೀಲಿ. ಕಾಸ್ಟಿಕ್ ಸೋಡಾ.
ಮರಗೆಣಸಿನ ಗಂಜಿ. ಸೌದೆ. ನೀರಿನ ಗಾಡಿಯವನು.
ಬರೆದ, ಬರೆದ, ನಿಂತ.
"ಕೋಳಿಗರಿ ಹಿಡಿದು ಗೆರೆ ಎಳೆಯುವ ಕೈ?"
ಯಾವ ಕೈ?
"ನಿಮ್ಮದು."

ಇಪ್ಪತ್ತಾರು ಹೆಂಗಸರಿದ್ದೆವು ಆ ಕೋಣೆಯಲ್ಲಿ,
ಸಾಬೂನಿನವಳು, ಹೊಗೆಮೀನಿನವಳು, ಜಡೆ ಹೆಣೆಯುವ ಮೂವರು.
ಒಬ್ಬರೂ ಕೆಮ್ಮಲಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ:
ನನ್ನದೇ ಅಂಗಡಿಯಲ್ಲಿ ನಾನು ಹಾಗಿದ್ದೆ.

ಕೂಡಿದೆವು.
ನನ್ನವ್ವ ಕಲಿಸಿದ ಕಂಬದ ಚಿತ್ತಾರ,
ನಾಲ್ಕು ದಿನ ಗೆರೆ ಎಳೆದು ಬೆನ್ನು ಬಾಗುವ ಬಟ್ಟೆ,
ಬಂದವರೆಲ್ಲ ಮುಟ್ಟಿ ಮುಟ್ಟಿ ಹೊಗಳುವ ಬಟ್ಟೆ,
ಅದನ್ನು ಮಾರಿದಾಗೆಲ್ಲ
ಕೊಂಡವಳ ಕೈಗೆ ನಾನೇ ಎಂಟುನೂರು ನೈರಾ ಇಟ್ಟು ಕಳಿಸಿದ ಹಾಗೆ.
ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಇದಕ್ಕೆ ನಿನ್ನ ಹಾಳೆಯಲ್ಲಿ ಜಾಗ ಇದೆಯಾ?

ನೋಡಿದೆ. ಐದು ಚೌಕಗಳಿದ್ದವು.

ಬೆಲೆ ಏರಿಸಿದೆ, ಅಂದಳು.
ನನ್ನ ಮದುವೆಯಲ್ಲಿ ಕುಣಿದ ಗೆಳತಿ
"ಓದು ಕಲಿತು ಕೆಟ್ಟೆ" ಅಂತ ಬಟ್ಟೆ ಬಿಸುಟು ಹೋದಳು.
ಲಾಗೋಸಿನ ಹೋಟೆಲಿನವನು
ಚೌಕಾಸಿ ಕೂಡ ಮಾಡದೆ ಇಪ್ಪತ್ತು ಒಯ್ದ.
ಅವತ್ತು ಖುಷಿಗಿಂತ ಹೆಚ್ಚು ಸಿಟ್ಟು ಬಂತು,
ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅಂತ.
ಆಮೇಲೆ ನೈರಾ ಬಿತ್ತು, ಸೋಡಾ ಎರಡು ಪಟ್ಟಾಯಿತು,
ಅದನ್ನು ಟೈ ಹುಡುಗ ಕಲಿಸಿರಲಿಲ್ಲ.

ಸೊಂಟದ ಗಂಟು ಈಗ ಎರಡು.
ಒಂದು ಮನೆಯದು, ಒಂದು ಅಂಗಡಿಯದು.
ತಂಗಿ ರಶೀದತ್ ಕಡ ಕೇಳಿದಾಗ
ಮನೆಯದು ಬಿಚ್ಚಿದೆ, ಸಾಲಲಿಲ್ಲ.
ಅಂಗಡಿಯದನ್ನು ಮುಟ್ಟಲಿಲ್ಲ.
ಈದ್‌ಗೆ ಅವಳು ಬರಲಿಲ್ಲ.
ಲಾಭ ಅಂತ ಬರೀತೀಯೋ, ನಷ್ಟ ಅಂತಲೋ?

ಅಷ್ಟರಲ್ಲಿ ಬಟ್ಟೆ ಮೇಲೆತ್ತಿದಳು.
ಹಸಿರು! ಕೊಳದ ಪಾಚಿಯ ಹಸಿರು.
ಬಣ್ಣ ಹಿಡಿಯಲಿಲ್ಲವೆಂದು ನಾನು ಪೆಚ್ಚಾದೆ.
ಅವಳು ತಂತಿಯ ಮೇಲೆ ಹರವಿ ಸುಮ್ಮನೆ ನಿಂತಳು.
ಗಾಳಿ ಬಂತು. ಅಂಚಿನಿಂದ ಒಳಕ್ಕೆ
ನೀಲಿ ನಡೆದು ಬಂತು.
"ಹೊಸಬರೆಲ್ಲ ಕೆಟ್ಟುಹೋಯಿತು ಅಂತಾರೆ," ಅಂದಳು.

ಪೆನ್ನು ಇಸಿದುಕೊಂಡು ಹಾಳೆಯ ಮೇಲೆ ಬಗ್ಗಿದಳು.
ಒದ್ದೆ ಹೆಬ್ಬೆಟ್ಟು ಊರಿತು.
ಮೂರು, ನಾಲ್ಕು, ಎರಡೂ ನೀಲಿಯಲ್ಲಿ ಮುಳುಗಿದವು.

ನಾನು ಎದ್ದಾಗ ತಡೆದಳು.
ಗೋಡೆಯ ಮೊಳೆಯಿಂದ ರಸೀತಿ ಪುಸ್ತಕ ತೆಗೆದು,
ಕಾರ್ಬನ್ ಹಾಳೆ ಸರಿಮಾಡಿ ಬರೆದಳು:
ಮಾತಾಡಿದ್ದಕ್ಕೆ, ನಲವತ್ತು ನಿಮಿಷ, ಆರುನೂರು ನೈರಾ.
ನಕ್ಕೆ. ಅವಳು ನಗಲಿಲ್ಲ.
ಬಸ್ಸಿನ ದುಡ್ಡು ಕೊಟ್ಟು ನಡೆದೇ ಬಂದೆ.

ಶುಕ್ರವಾರ ಕಂಪ್ಯೂಟರಿನಲ್ಲಿ ತುಂಬಿದೆ:
ಹನ್ನೊಂದನೆಯ ಪ್ರಶ್ನೆ, ಉತ್ತರ ಸ್ಪಷ್ಟವಿಲ್ಲ.
ರಸೀತಿ ನನ್ನ ಹತ್ತಿರವೇ ಇದೆ.