ನೂಕಬಹುದು, ಎಳೆಯಲಾಗದು

ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರ,
ಬೂದು ಬಣ್ಣದ ಪೆಟ್ಟಿಗೆ.
ಅದಕ್ಕೆ ನಾನು ಕೊಟ್ಟ ಧರ್ಮ ಒಂದೇ:
ನೂಕಿದರೆ ಸರಿಯಬೇಕು,
ಎಳೆದರೆ ಕೇಳಿಸಿಕೊಳ್ಳಬಾರದು.
ನಮ್ಮ ಪುಟ್ಟ ನಾಯಕನಿಗೆ ಕೈಗಳಿವೆ, ಬೆರಳಿಲ್ಲ
(ಬೆರಳು ಬಿಡಿಸಲು ಚುಕ್ಕಿ ಸಾಲಲಿಲ್ಲ).

ಹೀಗೆ ದಿನ ನೂಕುತ್ತಿದ್ದೆವು ಗ್ಡಿನಿಯಾದಲ್ಲಿ,
ಮೀನಿನ ಶೈತ್ಯಾಗಾರದ ಮೇಲಿನ ಮಹಡಿಯಲ್ಲಿ,
ನಾನು, ಕಿಂಗಾ, ಸಾಲದ ಮೇಲೆ ತಂದ ಎರಡು ಕಂಪ್ಯೂಟರು.
ಕಿಟಕಿಯಾಚೆ ಬಾಲ್ಟಿಕ್ ಕಡಲು
ಪಾತ್ರೆ ತೊಳೆದ ನೀರಿನ ಬಣ್ಣದಲ್ಲಿ.

ಬುಧವಾರ ಬುಧವಾರ ಆಡಿ ನೋಡಲು ಜನ ಕರೆಯುತ್ತಿದ್ದೆವು.
ಒಂದು ಬಟ್ಟಲು ಬೀಟ್‌ರೂಟ್ ಸಾರು, ಅಷ್ಟೇ ಸಂಬಳ.
ಹುಡುಗರೆಲ್ಲ ಹನ್ನೊಂದನೇ ಹಂತಕ್ಕೆ ಬಂದು
ಒಂದು ನೂಕು ಹೆಚ್ಚಿಗೆ ನೂಕಿ,
ಪೆಟ್ಟಿಗೆ ಗೋಡೆಯ ಬುಡಕ್ಕೆ ಹೋಗಿ ಕೂತಾಗ
ತುಟಿ ಕಚ್ಚಿ, 'ಮತ್ತೆ ಮೊದಲಿಂದ' ಗುಂಡಿ ಒತ್ತುತ್ತಿದ್ದರು.
ಮೂಲೆಗುಂಪಾದದ್ದನ್ನು
ಯಾರು ತಿರುಗಿ ಹೊರಗೆ ತಂದಾರು?
ನಿಯಮ ನನ್ನದೇ.

ಗೆನೊವೆಫಾ ಬಂದದ್ದು ಮೂರನೇ ಬುಧವಾರ.
ವಯಸ್ಸು ಎಪ್ಪತ್ತೊಂದು. ಬಂದರಿನ ಕ್ರೇನಿನ ಗಾಜಿನ ಗೂಡಲ್ಲಿ
ಮೂವತ್ತೊಂದು ವರ್ಷ ಕೂತಿದ್ದವಳು.
ಕೀಲಿಮಣೆ ಅತ್ತ ಸರಿಸಿ, ಜಾಯ್‌ಸ್ಟಿಕ್ ಕೇಳಿ ಇಸಿದುಕೊಂಡಳು.
"ಎತ್ತುವ ಗುಂಡಿ ಯಾವುದು?"
ಇಲ್ಲ, ಅಂದೆ.
"ಇಳಿಸುವುದು?"
ಅದೂ ಇಲ್ಲ.
ಅಡಿಯಿಂದ ಮುಡಿಯವರೆಗೆ ನನ್ನನ್ನು ನೋಡಿದಳು.
"ಪೆಟ್ಟಿಗೆಗೆ ಎದೆ ಕೊಟ್ಟು ನೂಕುವವರನ್ನು
ನಮ್ಮ ಬಂದರಲ್ಲಿ ಮಧ್ಯಾಹ್ನದೊಳಗೆ ಮನೆಗೆ ಕಳಿಸುತ್ತಿದ್ದರು."

ಆಮೇಲೆ ಬೇಕೆಂತಲೇ, ನೇರವಾಗಿ,
ಮೂಲೆಗೇ ನೂಕಿದಳು.
ಅಯ್ಯೋ, ಅಂದಳು ಕಿಂಗಾ. ನಾನು ಗುಂಡಿ ತೋರಿಸಿದೆ.
ಗೆನೊವೆಫಾ ನನ್ನ ಬೆರಳನ್ನು
ನೊಣ ಓಡಿಸಿದಂತೆ ಓಡಿಸಿದಳು.

ಬಯಲಲ್ಲಿದ್ದ ಪೆಟ್ಟಿಗೆ, ಹಾರಿ ಹತ್ತಿದರೆ, ಜಾರುತ್ತದೆ
(ಅದೂ ನನ್ನದೇ ಕಿತಾಪತಿ, ಆರು ವಾರದ ಕೆಲಸ).
ಗೋಡೆಗೆ ಬೆನ್ನು ಕೊಟ್ಟು ಕೂತದ್ದು ಜಾರುವುದೆಲ್ಲಿಗೆ?
ಅದರ ಮೇಲೆ ಕಾಲೂರಿ, ಓಡಿ ಬರದೆ, ನಿಂತಲ್ಲಿಂದಲೇ
ಒಂದು ನೆಗೆತ.
ಅಂದಕ್ಕೆಂದು ನಾನು ಬಿಡಿಸಿದ್ದ, ಯಾರೂ ಮುಟ್ಟಲಾಗದೆಂದುಕೊಂಡಿದ್ದ
ಸೂರಿನ ಅಂಚು
ಅವಳ ಕಾಲ ಕೆಳಗಿತ್ತು.

ಅಲ್ಲಿ ಏನೂ ಇರಲಿಲ್ಲ. ನಾಣ್ಯ ಇಲ್ಲ, ಬಾಗಿಲಿಲ್ಲ,
ಒಂದೇ ಏಟಿಗೆ ಸುರಿದ ನೀಲಿ.
ಅವಳು ಇಳಿಯಲಿಲ್ಲ.
ಸಾರು ಆರಿತು. ಕೆಳಗೆ ಶೈತ್ಯಾಗಾರದ ಯಂತ್ರ
ಒಮ್ಮೆ ನಿಂತು, ಕೆಮ್ಮಿ, ಮತ್ತೆ ಶುರುವಾಯಿತು.
"ಇಷ್ಟೆತ್ತರಕ್ಕೆ ಬಂದಮೇಲೆ ಹಡಗು ಕಾಣಬೇಕಪ್ಪ."
ಹಂತ ಮುಗಿಸದೆ ಎದ್ದುಹೋದಳು.

ಆ ರಾತ್ರಿ ಕಿಂಗಾ ತಪ್ಪುಗಳ ಪಟ್ಟಿಯಲ್ಲಿ ಬರೆದಳು:
ಹನ್ನೊಂದು. ಸೂರಿನ ಮೇಲೆ ಹತ್ತಬಹುದು. ಮುಚ್ಚು.
ಮುಚ್ಚಲಿಲ್ಲ. ದೂರದಲ್ಲಿ ನೀರಿನದೊಂದು ಗೆರೆ ಎಳೆದೆ,
ಇಪ್ಪತ್ತು ಚುಕ್ಕಿಯ ಹಡಗನ್ನು ಅದರ ಮೇಲೆ ಕೂರಿಸಿದೆ.
ಆಟಕ್ಕೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಮುಂದಿನ ಬುಧವಾರ ಹತ್ತಿ ನೋಡಿದಳು,
ಕನ್ನಡಕ ಒರೆಸಿ ಮತ್ತೆ ನೋಡಿದಳು.
"ಖಾಲಿ ಹಡಗು. ನೀರಿಂದ ಎಷ್ಟು ಮೇಲೆ ನಿಂತಿದೆ ನೋಡು.
ಏನಾದರೂ ತುಂಬಿಸು."

ಎರಡು ಚುಕ್ಕಿ ಇಳಿಸಿದೆ.
ಹಾಂ, ಅಂದಳು,
ಸಾರಿನ ಬಟ್ಟಲು ಹತ್ತಿರ ಎಳೆದುಕೊಂಡಳು.