ಅರ್ಧ ಕ್ಷಣ ಹಿಂದೆ

ಮೂವತ್ತೊಂದು ವರ್ಷ ನಾನು ಎಲ್ಲರ ಬಾಯಿ.
ಸಿನಿಮಾ ಯಾವ ದೇಶದ್ದೇ ಇರಲಿ, ನಮ್ಮ ಪೋಲೆಂಡಿನ ಟೀವಿಯಲ್ಲಿ
ಪ್ರೇಮಿ, ಕೊಲೆಗಡುಕ, ಹೆರಿಗೆ ನೋವಿನ ಹೆಂಗಸು,
ಪಾದ್ರಿ, ಪಾದ್ರಿಯ ಗಿಳಿ,
ಎಲ್ಲರಿಗೂ ಒಬ್ಬನೇ ಗಂಡಸು, ಒಂದೇ ದನಿ:
ಲುಬೊಮಿರ್ ಕೊಪೆಚ್, ನೆಲಮಾಳಿಗೆಯ ಸ್ಟುಡಿಯೋ, ವೂಚ್ ನಗರ.

ಕಂಠದಾನ ಅನ್ನಬೇಡಿ. ದಾನ ಕೊಟ್ಟವನಿಗೆ
ಕೊಟ್ಟೆನೆಂಬುದಾದರೂ ಉಳಿಯುತ್ತದೆ.
ನಮ್ಮ ಕಸುಬಿನ ನೇಮ ಎರಡೇ.
ಅಳದೆ, ನಗದೆ, ರೈಲಿನ ವೇಳಾಪಟ್ಟಿ ಓದಿದ ಹಾಗೆ ಓದಬೇಕು.
ಮೂಲದವನು ಬಾಯಿ ತೆರೆದ ಅರ್ಧ ಕ್ಷಣಕ್ಕೆ ನಾವು ಶುರು;
ಅವನ ದನಿ ನಮ್ಮಡಿಯಲ್ಲಿ ಸಣ್ಣಗೆ ಕೇಳುತ್ತಲೇ ಇರಬೇಕು,
ಹಾಸಿಗೆಯ ಕೆಳಗೆ ಗಡಿಯಾರ ಬಿದ್ದಿದ್ದ ಹಾಗೆ.

ನಮ್ಮ ನುಡಿಯಲ್ಲಿ ಕ್ರಿಯಾಪದಕ್ಕೆ ಬಾಲ.
ಕಾದಿದ್ದೆ ಎಂದರೆ ಸಾಲದು,
ಕಾದದ್ದು ಹೆಣ್ಣೋ ಗಂಡೋ ಬಾಲವೇ ಹೇಳಬೇಕು.
ಹೆಣ್ಣು ಬಾಲದಲ್ಲಿ ಎಷ್ಟು ಸಲ ಕಾದಿದ್ದೇನೆ ನಾನು!
ಬಂದರಿನಲ್ಲಿ, ಜೈಲಿನ ಗೇಟಿನಲ್ಲಿ,
ಒಮ್ಮೆ ಮರುಭೂಮಿಯ ಪೆಟ್ರೋಲ್ ಬಂಕಿನಲ್ಲಿ.
ಗಂಡು ಬಾಲದಲ್ಲಿ ಕೊಂದಿದ್ದೇನೆ, ಲೆಕ್ಕವಿಟ್ಟಿಲ್ಲ.
ಮನೆಗೆ ಬಂದು, ಸೂಪು ಕಾಯಿಸಿ,
ಹಸಿದಿದ್ದೇನೆ ಅನ್ನಲು ಹೋದರೆ
ಯಾವ ಬಾಲ ಹಚ್ಚಲಿ ಎಂದು ಒಂದು ಗಳಿಗೆ ತಡವರಿಸುತ್ತೇನೆ.
ನಗಬೇಡಿ.

ದನೂತಾ ಹೊರಟ ದಿನ ಕೋಟಿನ ಗುಂಡಿ ಹಾಕುತ್ತ
ಜಗಳವಿಲ್ಲದೆ ಹೇಳಿದಳು:
ಪ್ರೀತಿಸುತ್ತೇನೆ ಅಂತ ನೀನು ಅಂದಾಗಲೆಲ್ಲ
ಅಡಿಯಲ್ಲಿ ಇನ್ನೊಂದು ದನಿ ಕೇಳೀತೇನೋ ಅಂತ
ಕಿವಿಗೊಟ್ಟು ಕೂರುತ್ತಿದ್ದೆ, ಲುಬೆಕ್.
ಅವಳು ಶುರು ಮಾಡಿದ ಅರ್ಧ ಕ್ಷಣಕ್ಕೆ
ನನ್ನ ತುಟಿ ಅದನ್ನೇ ಮೆಲ್ಲಗೆ ಒಪ್ಪಿಸುತ್ತಿತ್ತು.

ಈಗ ಗಂಟಲಲ್ಲಿ ಗಂಟು, ಬಟಾಣಿಯ ಅರ್ಧದಷ್ಟು.
ಹದಿನಾಲ್ಕು ದಿನ ಪಿಟ್ಟೆನ್ನಬಾರದು ಎಂದರು ಡಾಕ್ಟರ್,
ಪಿಸುಮಾತೂ ಕೂಡದು, ಅದೇ ಹೆಚ್ಚು ಕೆಟ್ಟದ್ದು.
ಬಾಯಿ ಮುಚ್ಚಿದ ಮೇಲೆ ತಾನೇ ಗೊತ್ತಾದದ್ದು,
ಒಳಗೂ ಅವನೇ ಓದುತ್ತಿದ್ದಾನೆ.
ಲುಬೊಮಿರ್ ಎದ್ದ. ಲುಬೊಮಿರ್ ಹಲ್ಲುಜ್ಜಿದ. ಕಿಟಕಿಯಾಚೆ ಹಿಮ.
ಓದಲಿ, ಆದರೆ ಯಾರದನ್ನು?
ಈ ಓದಿನ ಅಡಿಯಲ್ಲಿ ಯಾರೋ ಸದ್ದು ತಗ್ಗಿಸಿಟ್ಟ
ಆ ಮೊದಲಿನವನು
ಯಾವ ಭಾಷೆಯಲ್ಲಿ
ಏನು ಹೇಳುತ್ತಿದ್ದಾನೆ?

ನಮ್ಮೂರ ಹೆಸರಿಗೆ ದೋಣಿ ಎಂದರ್ಥ.
ದೋಣಿ ಇದೆ, ಹೊಳೆ ಕಾಣುವುದಿಲ್ಲ;
ಗಿರಣಿಗಳ ಕಾಲದಲ್ಲಿ ಅದನ್ನು ನೆಲದಡಿಯ ಕೊಳವೆಗೆ ಇಳಿಸಿ
ಮೇಲೆ ಬೀದಿ ಹಾಸಿದರು.
ಹರಿಯುತ್ತದಂತೆ ಈಗಲೂ.
ಹನ್ನೆರಡನೆಯ ದಿನ ಬೆಳಿಗ್ಗೆ, ಟ್ರಾಮ್ ನಿಲ್ದಾಣದ ಹತ್ತಿರ,
ಕಬ್ಬಿಣದ ಮುಚ್ಚಳಕ್ಕೆ ಕಿವಿ ಹಚ್ಚಿ ಮಲಗಿದೆ,
ಐವತ್ತೆಂಟರ ಗಂಡಸು, ಒಳ್ಳೆಯ ಕೋಟು.
ಏನೋ ಕೇಳಿಸಿತು.
ನೀರಿರಬಹುದು. ನನ್ನದೇ ಕಿವಿಯ ರಕ್ತವೂ ಇರಬಹುದು.

"ಏನು ಕಳಕೊಂಡಿರಿ?" ಕೈಚೀಲ ಇಳಿಸಿ
ಮುದುಕಿಯೊಬ್ಬಳು ಬಗ್ಗಿದಳು. "ಕೀಲಿಕೈಯೆ?"
ತಲೆಯಾಡಿಸಿದೆ, ಹೌದಕ್ಕೂ ಅಲ್ಲಕ್ಕೂ ಆಗುವ ಹಾಗೆ.
ಅವಳೂ ಮಂಡಿಯೂರಿದಳು,
ಕೈಗವಸು ಕಳಚಿ ಹಿಮ ಸವರತೊಡಗಿದಳು,
ನನ್ನ ಕೀಲಿಕೈಗಾಗಿ.
ಬೇಡಮ್ಮ ಅನ್ನಲು ಬಾಯಿ ತೆರೆದೆ.
ಎದುರಿಗೆ ಪರದೆಯಿಲ್ಲ, ಕೈಯಲ್ಲಿ ಹಾಳೆಯಿಲ್ಲ.
ಮೊದಲು ಬೇರೆ ಯಾರಾದರೂ ಆಡಲಿ ಎಂದು
ಅರ್ಧ ಕ್ಷಣ ಕಾದೆ.

ಅಷ್ಟರಲ್ಲಿ ಅವಳ ಚೀಲ ವಾಲಿ ಬೀಟ್‌ರೂಟೊಂದು
ಹಳಿಯತ್ತ ಉರುಳಿತು.
"ಅಯ್ಯಯ್ಯೋ!"
ಅಂದವರು ಯಾರೆಂದು ಇಬ್ಬರೂ ತಿರುಗಿ ನೋಡಿದೆವು.
ಕೀರಲು ದನಿ, ಚೂರು ಹೆದರಿದ್ದು.
ಟ್ರಾಮ್ ಬರುತ್ತಿತ್ತು.
ಬೀಟ್‌ರೂಟಿನ ಹಿಂದೆ ಓಡಿದೆ.